ಉಪ್ಪಿನ ಗ್ರಹದ ಮಾಸ್ತರ

ಹೊಸಬರು ಯಾರೇ ಸಿಗಲಿ, ವಾಚನಾಲಯದ ಮಾಸ್ತರರು ಅವರನ್ನು ಮೊದಲು ಕೇಳುತ್ತಿದ್ದುದು ಒಂದೇ ಮಾತು: “ನನ್ನ ನೋಡಿದ್ರ ನಾ ಯಾವೂರವ ಅನ್ನಸ್ತೈತ್ರಿ?”

ಜನ ತಮಾಷೆ ಎಂದು ತಿಳಿದು ನಗುತ್ತಿದ್ದರು. ಒಬ್ಬರು ಬೆಳಗಾವಿ ಅನ್ನುತ್ತಿದ್ದರು, ಇನ್ನೊಬ್ಬರು ರಾಯಚೂರು. ಅವರು ಮಾತ್ರ ನಗದೆ, ಆ ಊರಿನ ಹೆಸರನ್ನು ಬಾಯಲ್ಲಿ ಒಮ್ಮೆ ಹೊರಳಿಸಿ ನೋಡಿ, “ಅಲ್ಲ ಕಾಣಸ್ತೈತಿ” ಎಂದು ತಲೆಯಾಡಿಸುತ್ತಿದ್ದರು. ನನ್ನನ್ನೂ ಕೇಳಿದ್ದರು. ನಾನು ಆಡೂರಿನವನು, ಹಾನಗಲ್ಲಿನ ಕನ್ನಡ ಶಾಲೆಗೆ ಆಗತಾನೇ ಮಾಸ್ತರನಾಗಿ ಬಂದಿದ್ದೆ. ವಯಸ್ಸಿನ ಹುರುಪು ಬೇರೆ. “ನಿಮ್ಮೂರು ನಿಮಗ ಗೊತ್ತಿರಬೇಕಲ್ರಿ, ನನ್ನ ಯಾಕ ಕೇಳ್ತೀರಿ?” ಅಂದೆ. “ನನಗ ಗೊತ್ತಿದ್ರ ನಿಮ್ಮನ್ನ ಕೇಳ್ತಿದ್ದಿಲ್ಲ” ಅಂದರು. ಅಂದಿನಿಂದಲೇ ನನಗೆ ಅವರ ಮೇಲೆ ಸಂಶಯ.

ಸಂಶಯ ನನಗೊಬ್ಬನಿಗೇ ಇರಲಿಲ್ಲ. ಊರಿಗೆ ಊರೇ ಅವರನ್ನು ಓರೆಗಣ್ಣಿನಿಂದ ನೋಡುತ್ತಿತ್ತು. ನಾನು ಬರುವುದಕ್ಕೆ ಕೆಲವು ವರ್ಷ ಮುಂಚೆ ನಮ್ಮ ಡಾಕ್ಟರು ಔಷಧದ ಪೆಟ್ಟಿಗೆ ಬಿಡಿಸಿಕೊಳ್ಳಲು ಸವಣೂರು ಸ್ಟೇಶನ್ನಿಗೆ ಹೋಗಿದ್ದಾಗ, ಹುಬ್ಬಳ್ಳಿ ಕಡೆಯ ಗಾಡಿಯಿಂದ ಯಾರೋ ಇಳಿಸಿ ಹೋದ ಒಬ್ಬ ಮನುಷ್ಯ ಬೆಂಚಿನ ಮೇಲೆ ಜ್ವರದಲ್ಲಿ ನರಳುತ್ತಿದ್ದನಂತೆ. ಬಲಗಿವಿಯ ಹಿಂದೆ ಬಟ್ಟೆ ಸುತ್ತಿದ ದೊಡ್ಡ ಗಾಯ. ಬಗಲಲ್ಲಿ ಒಂದು ಹರಿದ ಇಂಗ್ಲಿಷ್ ಪುಸ್ತಕ. ಡಾಕ್ಟರು ಮೋಟಾರಿನಲ್ಲಿ ಹಾಕಿಕೊಂಡು ಹಾನಗಲ್ಲಿಗೆ ತಂದರು. ಜ್ವರ ಇಳಿಯಿತು, ಗಾಯ ಮಾಯಿತು. ಹೆಸರು ಮಾತ್ರ ಬರಲಿಲ್ಲ. ಊರು, ಅಪ್ಪ, ಅವ್ವ, ಯಾವುದೂ ಬರಲಿಲ್ಲ. ಇಂಗ್ಲಿಷ್ ಓದಲು ಬರುತ್ತಿತ್ತು, ಮೋಡಿ ಲಿಪಿ ಬರುತ್ತಿತ್ತು, ಉರ್ದು ಮಾತೂ ಬರುತ್ತಿತ್ತು. ಡಾಕ್ಟರು ತಮ್ಮ ದವಾಖಾನೆಯ ಮುಂದಿನ ಕೋಣೆಯಲ್ಲಿ ನಡೆಸುತ್ತಿದ್ದ ವಾಚನಾಲಯವನ್ನು ಅವರಿಗೆ ಒಪ್ಪಿಸಿದರು. ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು, ಹಾಗಾಗಿ ಮಾಸ್ತರ ಎಂದೇ ಕರೆಯತೊಡಗಿದರು.

ಜನಕ್ಕೆ ದೊಡ್ಡ ತೊಡಕಾದದ್ದು ಅವರ ಜಾತಿ. ನೆನಪಿಲ್ಲದವನನ್ನು ಯಾವ ಪಂಕ್ತಿಯಲ್ಲಿ ಕೂಡಿಸುವುದು? ಮದುವೆಗೆ ಕರೆದರೆ ಕಷ್ಟ, ಕರೆಯದಿದ್ದರೆ ಡಾಕ್ಟರಿಗೆ ಬೇಸರ. ಅವರೇ ಅರ್ಥ ಮಾಡಿಕೊಂಡು ಎಲ್ಲಿಗೂ ಹೋಗುತ್ತಿರಲಿಲ್ಲ. ತಾರಕೇಶ್ವರ ಗುಡಿಯ ಮುಂದೆ ಹಾಯುವಾಗ ಒಂದು ಗಳಿಗೆ ನಿಲ್ಲುತ್ತಿದ್ದರು, ದರ್ಗಾದ ಮುಂದೆಯೂ ಅಷ್ಟೇ ಹೊತ್ತು ನಿಲ್ಲುತ್ತಿದ್ದರು. ಕೈ ಮುಗಿಯುತ್ತಿರಲಿಲ್ಲ. ಕೈಗೆ ತಾನಾಗಿಯೇ ಏನಾದರೂ ನೆನಪಾದೀತೇ ಎಂದು ಕಾಯುವವರ ಹಾಗೆ ಕಾಣುತ್ತಿತ್ತು. ಕ್ಷೌರದವನು ಅವರ ಕಿವಿಯ ಹಿಂದಿನ ಕಲೆಯನ್ನು ಎಲ್ಲರಿಗೂ ವರ್ಣಿಸಿ, “ಇದು ಬಿದ್ದ ಗಾಯ ಅಲ್ರಿ, ಯಾರೋ ಕೊಡಲಿ ಕಾವಿನಿಂದ ಬಾರಿಸ್ಯಾರ. ಸುಮ್ಮಸುಮ್ಮನ ಯಾರು ಬಾರಿಸ್ತಾರ?” ಎನ್ನುತ್ತಿದ್ದ. ನನಗೂ ಹಾಗೇ ಅನ್ನಿಸುತ್ತಿತ್ತು.

ಇನ್ನು ಆ ಪುಸ್ತಕ. ಅದಕ್ಕೆ ಮುಂದಿನ ರಟ್ಟಿರಲಿಲ್ಲ, ಹಿಂದಿನ ಹಾಳೆಗಳೂ ಇರಲಿಲ್ಲ. ಹೆಸರು ಗೊತ್ತಿಲ್ಲ, ಬರೆದವರು ಗೊತ್ತಿಲ್ಲ. ಸಂಜೆ ದವಾಖಾನೆ ತೆರೆಯುವ ಮುಂಚೆ ರೋಗಿಗಳು ಜಗಲಿಯ ಮೇಲೆ ಕಾಯುತ್ತ ಕೂಡುತ್ತಿದ್ದರಲ್ಲ, ಅವರಿಗೆ ಬೇಸರ ಕಳೆಯಲೆಂದು ಮಾಸ್ತರರು ಅದನ್ನು ಓದಿ ಕನ್ನಡದಲ್ಲಿ ಹೇಳುತ್ತಿದ್ದರು. ಮೊದಲ ದಿನ “ಬಾಳ ದೂರ ಒಂದು ಗ್ರಹ ಇತ್ತು” ಎಂದು ಶುರುಮಾಡಿದಾಗ ಒಬ್ಬ ರೈತ ಗಾಬರಿಯಿಂದ “ಯಾವುದ್ರಿ, ಶನಿನೋ ರಾಹುನೋ?” ಅಂದನಂತೆ. “ಅವೆರಡೂ ಅಲ್ಲ. ಇದು ಉಪ್ಪಿನ ಗ್ರಹ” ಅಂದರಂತೆ ಮಾಸ್ತರರು.

ಆ ಗ್ರಹದಲ್ಲಿ ಸಮುದ್ರ ಬತ್ತಿ, ಕಣ್ಣು ಹಾಯುವತನಕ ಉಪ್ಪು. ಜನ ಬರಿಗಾಲಲ್ಲಿ ನಿಂತು ಅದನ್ನು ಅಗೆಯುತ್ತಾರೆ. ಆಕಾಶದ ಹಡಗುಗಳು ಬಂದು ಅದನ್ನು ಇನ್ನೊಂದು ಗ್ರಹಕ್ಕೆ ಹೇರಿಕೊಂಡು ಹೋಗುತ್ತವೆ. ಅಲ್ಲಿಯ ಧಣಿಗಳ ಬಳಿ ಚಿನ್ನವಿದೆ, ಯಂತ್ರಗಳಿವೆ, ಒಂದು ಚಿಟಿಕೆ ಉಪ್ಪಿಲ್ಲ. ಆದರೂ ಅಗೆಯುವವರ ಮಕ್ಕಳಿಗೆ ಅವರು ಕಲಿಸಿರುವುದು ಏನೆಂದರೆ, ಈ ನೆಲ ಮೊದಲಿನಿಂದ ಧಣಿಗಳದು, ನಿಮ್ಮ ಅಜ್ಜ ಮುತ್ತಜ್ಜರನ್ನು ದಯೆಯಿಂದ ಇಲ್ಲಿ ತಂದು ಬಿಟ್ಟವರು ನಾವು, ನೀವು ನಮ್ಮ ಉಪ್ಪು ತಿಂದು ಬದುಕಿದವರು ಅಂತ. ಹಡಗು ನಡೆಸುವವನೊಬ್ಬನಿದ್ದಾನೆ. ಪ್ರತಿ ಸಲ ಮರಳಿದಾಗ ಅವನ ತಲೆಗೆ ಒಂದು ಟೊಪ್ಪಿಗೆ ಇಟ್ಟು ಕಂಡದ್ದನ್ನೆಲ್ಲ ಒರೆಸಿಬಿಡುತ್ತಾರೆ. ಒಮ್ಮೆ ಹಡಗು ಕೆಟ್ಟು ಅವನು ಆ ಉಪ್ಪಿನ ಬಯಲಲ್ಲಿ ಇಳಿಯಬೇಕಾಗುತ್ತದೆ. ಬೂಟು ಕಳೆದು ನಡೆಯುತ್ತಾನೆ. ಹೊರಗಿನವರಿಗೆ ಸುಡುವ ಉಪ್ಪು, ಅಗೆಯುವವರ ಕಾಲಿಗೆ ಸುಡದ ಹಾಗೆ, ಅವನ ಕಾಲಿಗೂ ಸುಡುವುದಿಲ್ಲ. ಆಗ ಅವನಿಗೆ ತಾನು ಯಾರು ಎಂಬ ಸಂಶಯ ಶುರುವಾಗುತ್ತದೆ.

ಕೊನೆಗೆ ಅವನು ಧಣಿಗಳ ದೊಡ್ಡ ಸಭೆಯ ಮುಂದೆ ಎದ್ದು ನಿಲ್ಲುತ್ತಾನೆ. ಬಾಯಿ ತೆರೆಯುತ್ತಾನೆ. ಅಲ್ಲಿಗೆ ಪುಸ್ತಕ ಹರಿದಿದೆ.

ಜನಕ್ಕೆ ಸಿಟ್ಟು ಬಂತು. “ಮಾಸ್ತರ ಬೇಕಂತ ಹೇಳವಲ್ಲರು” ಎಂದು ಕೆಲವರು. “ಕಡೀ ಹಾಳಿ ತಾವ ಹರದಾರ” ಎಂದು ಕೆಲವರು. ಊರಿನಲ್ಲಿ ವಾಡೆಯ ಧಣಿ ಎಂದು ಕರೆಸಿಕೊಳ್ಳುತ್ತಿದ್ದ ಜಮೀನುದಾರರ ಕಾರಭಾರಿ ಮಾತ್ರ ಬೇರೆಯದೇ ಅರ್ಥ ಮಾಡಿದ. “ಉಪ್ಪಂದ್ರ ಭತ್ತ, ಧಣಿ ಅಂದ್ರ ನಮ್ಮ ಧಣಿ. ಇವ ಕೆಂಪು ಬಾವುಟದವ” ಎಂದು ವಾಡೆಯಲ್ಲಿ ಹೇಳಿದ. ವಿಚಿತ್ರವೆಂದರೆ ಗೇಣಿ ಮಾಡುವ ರೈತರು ಅದಕ್ಕೆ ವಿರುದ್ಧವಾಗಿ ಸಂಶಯಪಟ್ಟರು. ಕಥೆ ಹೇಳಿ, ಯಾರು ತಲೆದೂಗುತ್ತಾರೆ ಎಂದು ನೋಡಿ ಧಣಿಗೆ ಹೇಳಲು ಇವನನ್ನು ಇಟ್ಟಿದ್ದಾರೆ ಎಂದು ಅವರ ಗುಮಾನಿ. ಹೀಗಾಗಿ ಜಗಲಿಯ ಮೇಲೆ ಎಲ್ಲರೂ ಬಂದು ಕೂಡುತ್ತಿದ್ದರು, ಯಾರೂ ತಲೆದೂಗುತ್ತಿರಲಿಲ್ಲ.

ಅವರ ನಡುವೆ ನೀಲವ್ವ ಎಂಬ ಒಬ್ಬ ಮುದುಕಿ ಕಣ್ಣಿನ ಔಷಧಕ್ಕೆಂದು ಬರುತ್ತಿದ್ದಳು. ಗಂಡ ಸತ್ತಿದ್ದ. ಮಗಳನ್ನು ಕಟ್ಟಿಕೊಂಡು ಆಡೂರಿನ ದಾರಿಯಲ್ಲಿ ಧಣಿಯ ಒಂದು ತುಂಡು ಗದ್ದೆ ಮಾಡುತ್ತಿದ್ದಳು. ಒಂದು ಸಂಜೆ ಅವಳು ನೇರವಾಗಿ ಕೇಳಿಯೇಬಿಟ್ಟಳು.

“ಯಪ್ಪಾ, ಅಗಿಯೋರು ಅವರ, ಹೊರೋರು ಅವರ. ಅಂದಮ್ಯಾಲ ಉಪ್ಪು ಧಣೀದು ಹೆಂಗಾತು?”

“ಅವರಿಗೆ ಹಂಗಂತ ಹೇಳಿಕೊಟ್ಟಾರವ್ವಾ.”

“ನಿನಗ ಯಾರು ಹೇಳಿಕೊಟ್ರು ಇದನ್ನೆಲ್ಲ? ಖರೇ ಹೇಳು, ನೀ ವಾಡೇದ ಮನಶ್ಯಾ ಹೌದೋ ಅಲ್ಲೋ?”

ಮಾಸ್ತರರು ಪುಸ್ತಕ ಮಡಚಿಟ್ಟರು. “ನಾ ಯಾರ ಮನಶ್ಯಾ ಅನ್ನೋದು ನನಗ ಗೊತ್ತಿಲ್ಲ ಬೇ” ಅಂದರು. ಮುದುಕಿ ಆ ಉತ್ತರವನ್ನು ನಂಬಲಿಲ್ಲ. ಆದರೂ ಮರುದಿನ ಬಂದು ಅದೇ ಕಂಬಕ್ಕೆ ಒರಗಿ ಕುಳಿತಳು.

ಆಗ ಗೇಣಿಯ ಕಾಯ್ದೆಯ ಗದ್ದಲ. ಉಳುವವನಿಗೆ ಹಕ್ಕು ಬರುತ್ತದೆಂಬ ಸುದ್ದಿ ಹಬ್ಬಿದ್ದರಿಂದ, ಅದಕ್ಕೆ ಮುಂಚೆಯೇ “ನಾನಾಗಿ ಭೂಮಿ ಬಿಟ್ಟಿದ್ದೇನೆ” ಎಂದು ರೈತರಿಂದ ರಾಜೀನಾಮೆ ಬರೆಸಿಕೊಳ್ಳುವ ಅವಸರ ಹಲವು ವಾಡೆಗಳಲ್ಲಿತ್ತು. ಶ್ರಾವಣದ ಒಂದು ಮಧ್ಯಾಹ್ನ ನೀಲವ್ವ ಕಣ್ಣಿಗೆ ಔಷಧ ಹಾಕಿಸಿಕೊಂಡು, ಪಟ್ಟಿ ಕಟ್ಟಿಕೊಂಡು ಜಗಲಿಯ ಮೇಲೆ ಕುಳಿತಿದ್ದಳು. ಡಾಕ್ಟರು ಒಳಗಿದ್ದರು. ಕಾರಭಾರಿ ಬಂದು ಅವಳ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಒತ್ತಿಸಿಕೊಂಡು ಹೋದ. ಸುಗ್ಗಿ ಮುಗಿಸಿ ಮುಂದಿನ ಹಂಗಾಮಿಗೆ ಗದ್ದೆಗೆ ಹೋದಾಗ ಧಣಿಯ ಆಳುಗಳು ಅವಳನ್ನು ಬದುವಿನಿಂದಲೇ ಹಿಂದಕ್ಕೆ ಕಳಿಸಿದರು. “ನೀನ ಬಿಟ್ಟು ಕೊಟ್ಟೀಯಲ್ಲ ಮುದುಕಿ, ಮರತಿ ಏನು?” ಅಂದರು.

ಅವಳು ಅಲ್ಲಿಂದ ನೇರ ವಾಚನಾಲಯಕ್ಕೆ ಬಂದಳು. ನಾನು ಪತ್ರಿಕೆ ಓದುತ್ತ ಕುಳಿತಿದ್ದೆ.

“ಆ ದಿನ ನೀ ಇಲ್ಲೇ ಇದ್ದಿ, ಯಪ್ಪಾ. ನಿನ್ನ ಕೆಮ್ಮು ಕೇಳಿದ್ದೆ. ಅವ ನನಗ ಏನಂತ ಹೇಳಿ ಒತ್ತಿಸಿಕೊಂಡ?”

ಮಾಸ್ತರರು ಓದುತ್ತಿದ್ದುದನ್ನು ಬಿಟ್ಟು ತಲೆ ಎತ್ತಿದರು. “ಸರಕಾರದ ಔಷಧಕ್ಕಂತ ಹೇಳಿದ” ಅಂದರು.

“ಮಾಮಲೇದಾರರ ಮುಂದ ಬಂದು ಹೇಳ್ತೀಯೇನು?”

ಅವರು ಮೇಜಿನ ಮೇಲಿನ ಪತ್ರಿಕೆಗಳ ಕಡೆ ತಿರುಗಿದರು. ಮುದುಕಿ ಸ್ವಲ್ಪ ಹೊತ್ತು ಕಾದು, “ಹೇಳಾಂಗಿಲ್ಲ, ಗೊತ್ತಿತ್ತು ನನಗ” ಎಂದು ಎದ್ದು ಹೋದಳು. ನನಗೂ ಇವರು ವಾಡೆಯವರೇ ಇರಬೇಕು ಅನ್ನಿಸಿತು. ಕೇಳಿಯೂ ಬಿಟ್ಟೆ.

ಅವರು ಪತ್ರಿಕೆಗಳನ್ನು ಮಡಚಿಡುತ್ತ ಹೇಳಿದರು: “ಅಲ್ಲಿ ಹೋದ್ರ ಮೊದಲ ಹೆಸರು ಕೇಳ್ತಾರ, ಊರು ಕೇಳ್ತಾರ. ಆಮ್ಯಾಲ ಹುಡಕಾಕ ಸುರು ಮಾಡ್ತಾರ. ನಿಮಗೆಲ್ಲಾರಿಗೂ ನನಗ ನೆನಪಾಗಲಿ ಅಂತ ಆಸೆ. ಡಾಕ್ಟರು ದಿನಾ ಕೇಳ್ತಾರ, ಏನರ ನೆನಪಾತೇನು ಅಂತ. ನೆನಪಾಗೋದು ಒಳ್ಳೇದ ಇರ್ತೈತಿ ಅಂತ ನಿಮಗ ಯಾರು ಹೇಳ್ಯಾರ? ನಾ ಯಾರದರ ಖೂನಿ ಮಾಡಿ ಬಂದಿದ್ರ?”

ನಾವೆಲ್ಲ ಅವರ ಮೇಲೆ ಸಂಶಯಪಟ್ಟುಕೊಂಡು ಓಡಾಡುತ್ತಿದ್ದಾಗ, ನಮ್ಮೆಲ್ಲರಿಗಿಂತ ಹೆಚ್ಚು ಸಂಶಯ ಅವರಿಗೇ ಅವರ ಮೇಲಿತ್ತು.

ನೀಲವ್ವ ತಾಲೂಕು ಕಚೇರಿಯಲ್ಲಿ ಮಾಮಲೇದಾರರಿಗೆ ಅರ್ಜಿ ಕೊಟ್ಟಳು. ವಾಡೆಯಿಂದ ಮಾಸ್ತರರ ಮೇಲೆ ಠಾಣೆಗೂ ಒಂದು ತಕರಾರು ಹೋಯಿತು. ಒಂದು ಸಂಜೆ ಫೌಜದಾರ ಸಾದಾ ಉಡುಪಿನಲ್ಲಿ ಬಂದು, ಜಗಲಿಯ ಮೇಲೆ ರೋಗಿಗಳ ನಡುವೆ ಕುಳಿತ. ಅವನು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಮಾಸ್ತರರು ಒಂದಕ್ಷರ ಬದಲಿಸದೆ ಕಥೆ ಹೇಳಿದರು. ಮುಗಿದ ಮೇಲೆ ಫೌಜದಾರ ಕೇಳಿದ: “ಆ ಸಭಾದಾಗ ಎದ್ದು ನಿಂತು ಅವ ಏನಂದ?”

“ಹಾಳಿ ಇಲ್ರಿ.”

“ದಂಗೆ ಏಳ್ರಿ ಅಂದ್ನೋ ಹೆಂಗ?”

“ತಪ್ಪಾತು ಅಂದಿರಬೇಕು ಅನಸ್ತೈತ್ರಿ ನನಗ” ಅಂದರು ಮಾಸ್ತರರು. “ಹಡಗು ನಡಸಿದಾವ ಅವನ ಅಲ್ಲೇನ್ರಿ? ಇಷ್ಟು ದಿನ ಉಪ್ಪು ಹೇರಿಕೊಂಡು ಹೋದಾವ ಅವನ.”

ಫೌಜದಾರನಿಗೆ ಆ ಉತ್ತರ ಅರ್ಥವಾಗಲಿಲ್ಲ. ಪುಸ್ತಕವನ್ನು ಹಿಂದೆ ಮುಂದೆ ತಿರುವಿ ನೋಡಿ, ಅಲ್ಲೇ ಇಟ್ಟು ಹೋದ.

ವಿಚಾರಣೆಯ ದಿನ ಕಚೇರಿಯ ಅಂಗಳದಲ್ಲಿ ಜನವೋ ಜನ. ಧಣಿಯ ವಕೀಲರು ಮುದುಕಿಗೆ ಅರಳುಮರಳು, ತಾನು ಒತ್ತಿದ್ದು ತನಗೇ ನೆನಪಿಲ್ಲ ಎಂದು ವಾದಿಸುತ್ತಿದ್ದರು. ಸಾಕ್ಷಿ ಯಾರಿದ್ದಾರೆ ಎಂದು ಮಾಮಲೇದಾರರು ಕೇಳಿದರು. ನೀಲವ್ವ ಯಾರೂ ಇಲ್ಲವೆಂದು ಕೈಯಾಡಿಸಿದಳು. ಆಗ ಬಾಗಿಲ ಬಳಿಯಿಂದ ಮಾಸ್ತರರು ಮುಂದೆ ಬಂದರು. ಬರುತ್ತಾರೆಂದು ನನಗೂ ಗೊತ್ತಿರಲಿಲ್ಲ.

“ಹೆಸರು?”

“ಗೊತ್ತಿಲ್ರಿ.”

“ತಂದೆ ಹೆಸರು?”

“ಅದೂ ಗೊತ್ತಿಲ್ರಿ.”

ಜನ ನಕ್ಕರು. ವಕೀಲರು ಎದ್ದು, “ಸಾಹೇಬ್ರ, ಮುದುಕಿಗೆ ಕಣ್ಣಿಲ್ಲ, ಸಾಕ್ಷಿಗೆ ನೆನಪಿಲ್ಲ. ಬಾಳ ಚಂದ ಜೋಡಿ” ಅಂದರು. ಇನ್ನೂ ಜೋರಾಗಿ ನಕ್ಕರು.

ಮಾಸ್ತರರು ನಗು ನಿಲ್ಲುವತನಕ ಕಾದರು. “ಸವಣೂರು ಸ್ಟೇಶನ್ನಿನ ಹಿಂದಿಂದು ನನಗ ನೆನಪಿಲ್ರಿ. ಹೋದ ಶ್ರಾವಣದ್ದು ನೆನಪೈತಿ” ಎಂದು ಶುರುಮಾಡಿ, ಕಂಡದ್ದನ್ನು ಕಂಡ ಹಾಗೆ ಹೇಳಿದರು. ಮುದುಕಿಯ ಕಣ್ಣಿಗೆ ಪಟ್ಟಿ ಇತ್ತು. ಇದು ಯಾತಕ್ಕ ಎಂದು ಕೇಳಿದಳು. ಔಷಧಕ್ಕ ಎಂದು ಕಾರಭಾರಿ ಅಂದ. ಒತ್ತಿದ ಮೇಲೆ ಅವಳು ಅವನಿಗೆ, ನಿನ್ನ ಮಕ್ಕಳು ಚಂದ ಇರಲಿ ಎಂದು ಹರಸಿದಳು. ಕಾರಭಾರಿ ನೆಲ ನೋಡುತ್ತಿದ್ದ. ಮಾಮಲೇದಾರರು ಡಾಕ್ಟರನ್ನು ಕರೆಸಿ ಆ ದಿನ ಪಟ್ಟಿ ಕಟ್ಟಿದ್ದು ನಿಜವೇ ಎಂದು ಕೇಳಿದರು. ನಿಜ ಎಂದರು ಡಾಕ್ಟರು. ರಾಜೀನಾಮೆ ರದ್ದಾಯಿತು. ಧಣಿ ಮೇಲಿನ ಕೋರ್ಟಿಗೆ ಹೋದರು, ಅಲ್ಲೂ ನಡೆಯಲಿಲ್ಲ. ನೀಲವ್ವ ಸಾಯುವತನಕ, ಆಮೇಲೆ ಅವಳ ಮಗಳು, ಆ ಗದ್ದೆ ಮಾಡಿದರು.

ಆದರೆ ಮಾಸ್ತರರು ಹೆದರಿದ್ದೇ ಆಯಿತು. ಹೆಸರಿಲ್ಲದ ಮನುಷ್ಯ ಕಚೇರಿಯಲ್ಲಿ ನಿಂತು ಮಾತಾಡಿದ ಮೇಲೆ ಫೌಜದಾರ ಸುಮ್ಮನೆ ಬಿಡುವ ಹಾಗಿರಲಿಲ್ಲ. ಫೋಟೋ ತೆಗೆಸಿ, ಕಿವಿಯ ಹಿಂದಿನ ಕಲೆಯ ಗುರುತು ಬರೆದು ಠಾಣೆ ಠಾಣೆಗೆ ಕಳಿಸಿದ. ಅಷ್ಟರಲ್ಲಿ ರಾಜ್ಯ ಒಂದಾಗಿತ್ತು. ಮೊದಲು ನಿಜಾಮನ ಸೀಮೆಯಲ್ಲಿದ್ದ ಠಾಣೆಗಳೂ ಈಗ ನಮ್ಮವೇ.

ಹಲವು ತಿಂಗಳ ಮೇಲೆ ಶಿಗ್ಗಾವಿ ಕಡೆಯ ಬಸ್ಸಿನಿಂದ ಒಬ್ಬ ಹೆಂಗಸು ತನ್ನ ಅಣ್ಣನ ಜೊತೆ ಬಂದಿಳಿದಳು. ಹಣೆಯಲ್ಲಿ ಕುಂಕುಮವಿತ್ತು, ಕೈಯಲ್ಲಿ ಬಳೆ ಇರಲಿಲ್ಲ. ಅವಳು ಜಗಲಿಯ ಕೆಳಗೆ ನಿಂತು ಮಾಸ್ತರರನ್ನು ಬಹಳ ಹೊತ್ತು ನೋಡಿದಳು. ಮಾಸ್ತರರೂ ನೋಡಿದರು, ಬಸ್ಸಿನಲ್ಲಿ ಎದುರು ಕುಳಿತ ಯಾರನ್ನೋ ನೋಡುವ ಹಾಗೆ.

“ಇವ ನನ್ನ ಗಂಡ” ಅಂದಳು. ‘ಇವರು’ ಅನ್ನಲಿಲ್ಲ.

ಜನ ಸೇರಿದರು. ಇದು ವಾಡೆಯ ಹಂಚಿಕೆ, ಮಾಸ್ತರರನ್ನು ಊರು ಬಿಡಿಸಲು ಹೂಡಿದ ಆಟ ಎಂದು ನನಗೆ ಖಾತ್ರಿಯಾಗಿತ್ತು. ಕಲೆಯ ಸುದ್ದಿ ಕ್ಷೌರದವನಿಂದ ಹತ್ತೂರಿಗೆ ಗೊತ್ತಿತ್ತು, ಅದನ್ನು ಹೇಳಿದರೆ ಗುರುತಲ್ಲ. ನಾನೇ ಮುಂದಾಗಿ ಕೇಳಿದೆ: “ನಿಮ್ಮ ಗಂಡ ಎಂಥಾವರು ಇದ್ರವ್ವ?”

“ಒಳ್ಳೆಯಾಂವ ಇರಲಿಲ್ಲ” ಅಂದಳು.

ಅವಳು ಯಾವ ಏರಿಳಿತವೂ ಇಲ್ಲದೆ ಹೇಳಿದಳು. ಅವರ ಹಳ್ಳಿ ಮುಂಡರಗಿಯಾಚೆ, ನಿಜಾಮನ ಸೀಮೆಯೊಳಗೆ. ಇವರು ಮ್ಯಾಟ್ರಿಕ್‌ವರೆಗೆ ಓದಿ ಅಲ್ಲಿಯ ಜಮೀನುದಾರನ ಕಾರಕೂನರಾಗಿದ್ದರು. ಲೆವ್ಹಿ ಎಂಬ ಸರಕಾರದ ಕಡ್ಡಾಯ ಧಾನ್ಯ ವಸೂಲಿಗೆ ಆಳುಗಳನ್ನು ಕಟ್ಟಿಕೊಂಡು ಮನೆಮನೆಗೆ ನುಗ್ಗುತ್ತಿದ್ದರು. ಬಿತ್ತನೆಯ ಜೋಳವನ್ನೂ ಬಿಡುತ್ತಿರಲಿಲ್ಲ. ನಿಜಾಮನ ಆಡಳಿತ ಮುಗಿದ ಗದ್ದಲದ ವರ್ಷ ಜನ ತಿರುಗಿ ಬಿದ್ದರು. ಅಟ್ಟಿಸಿಕೊಂಡು ಹೋಗಿ ತಲೆಗೆ ಹೊಡೆದರು. ಸತ್ತನೆಂದೇ ಊರು ತಿಳಿದಿತ್ತು. “ಹೆಣ ಸಿಗಲಿಲ್ಲಂತ ಕುಂಕುಮ ಅಳಸಲಿಲ್ಲ. ಬಳಿ ಮಾತ್ರ ಇಡಲಿಲ್ಲ” ಅಂದಳು.

ಸುಳ್ಳು ಹೇಳಲು ಬಂದವಳಾಗಿದ್ದರೆ ಗಂಡನನ್ನು ಹೊಗಳುತ್ತಿದ್ದಳು. ನನ್ನ ಸಂಶಯ ಅಲ್ಲಿಗೆ ಸತ್ತಿತು. ಜಗಲಿಯ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾರಭಾರಿ ದೂರದಲ್ಲಿ ನಿಂತು ಎಲೆಯಡಿಕೆ ಉಗುಳಿ ನಕ್ಕ. ನೀಲವ್ವನೂ ಅಲ್ಲಿದ್ದಳು. ಕೋಲೂರಿಕೊಂಡು ಹೊರಟುಹೋದಳು.

ಮಾಸ್ತರರು ಗೋಡೆ ಹಿಡಿದು ನಿಂತಿದ್ದರು. “ನಿನ್ನನ್ನೂ ಹೊಡೀತಿದ್ನೇನು ನಾನು?” ಎಂದು ಹೆಂಡತಿಯನ್ನು ಕೇಳಿದರು.

“ಹೂಂ.”

“ಈಗ ಯಾಕ ಬಂದಿ ಮತ್ತ?”

“ಇದ್ದೀಯೋ ಇಲ್ಲೋ ನೋಡಾಕ. ಬಾ ಅನ್ನಾಕ ಬಂದಿಲ್ಲ.”

ಅವರು ಒಳಗೆ ಹೋಗಿ, ಡಾಕ್ಟರ ಕಾಲು ಮುಟ್ಟಿ ನಮಸ್ಕರಿಸಿ, ಒಂದು ಜೊತೆ ಅರಿವೆ ಗಂಟು ಕಟ್ಟಿಕೊಂಡು ಬಂದರು. ಪುಸ್ತಕವನ್ನು ವಾಚನಾಲಯದಲ್ಲೇ ಬಿಟ್ಟರು. ನಾನು ಬಸ್ಸಿನವರೆಗೆ ಹಿಂದೆ ಓಡಿದೆ.

“ಹೋಗಬ್ಯಾಡ್ರಿ ಮಾಸ್ತರ. ಒಮ್ಮೆ ಕೊಲ್ಲಾಕ ನಿಂತ ಜನ ಅವರು. ಅಲ್ಲೇ ಹೋಗಿ ಏನು ಮಾಡ್ತೀರಿ? ನಿಮಗ ನೆನಪ ಇಲ್ಲಲ್ಲ!”

“ನನಗಿಲ್ಲ” ಅಂದರು ಅವರು. “ಅವರಿಗೈತಲ್ರಿ.”

ಹೆಂಡತಿ ಮುಂದಿನ ಬಾಗಿಲಿನಿಂದ ಹತ್ತಿದಳು. ಅವರು ಹಿಂದಿನ ಬಾಗಿಲಿನಿಂದ ಹತ್ತಿ ಹಿಂದೆಯೇ ನಿಂತರು.

ಮುಂದೆ ನನಗೆ ಹಿರೇಕೆರೂರಿಗೆ ವರ್ಗವಾಯಿತು. ಮದುವೆ, ಮಕ್ಕಳು. ಅರವತ್ತರ ದಶಕದ ನಡುವೆ ಒಂದು ದಿನ, ಎತ್ತು ಕೊಳ್ಳಲು ಬಂದಿದ್ದ ಆ ಹೆಂಗಸಿನ ಅಣ್ಣ ರಟ್ಟೀಹಳ್ಳಿ ಸಂತೆಯಲ್ಲಿ ನನ್ನ ಗುರುತು ಹಿಡಿದು, ಮಾಸ್ತರರು ತೀರಿಕೊಂಡ ಸುದ್ದಿ ಹೇಳಿದ. ರಜೆಯಲ್ಲಿ ನಾನು ಆ ಹಳ್ಳಿಗೆ ಹೋದೆ.

ಊರ ಹೊರಗಿನ ಒಂದಂಕಣದ ಮನೆ. ಅವಳು ಚಾಪೆ ಹಾಸಿ, “ಕುಂತ್ಕೊರ್ರಿ” ಎಂದು ನೀರು ಕೊಟ್ಟಳು. ಕೇಳದೆಯೇ ಎಲ್ಲ ಹೇಳಿದಳು. ಹೋದ ಮರುದಿನವೇ ಮಾಸ್ತರರು ಊರ ಕಟ್ಟೆಯ ಮುಂದೆ ನಿಂತು, ಅವಳು ಹೇಳಿಕೊಟ್ಟ ತಮ್ಮ ಹೆಸರನ್ನು ಹೇಳಿ, “ನಾ ಏನೇನು ಮಾಡೇನಿ ಹೇಳ್ರಿ, ನನಗ ಗೊತ್ತಿಲ್ಲ” ಅಂದರಂತೆ. ನಾಟಕ ಎಂದು ಒಬ್ಬ ಮುದುಕ ಕಪಾಳಕ್ಕೆ ಹೊಡೆದ. ಮಿಕ್ಕವರು ಮುಖ ತಿರುಗಿಸಿದರು. ಅವರು ಮನೆಮನೆಯ ಹೊಸ್ತಿಲಿಗೆ ಹೋಗಿ ಕುಳಿತರು. ಕೆಲವರು ಬಾಗಿಲು ಹಾಕಿಕೊಂಡರು. ಕೆಲವರು ಹೇಳಿದರು, ಯಾವ ಗಡಿಗೆ ಒಡೆದ, ಯಾರ ಹೊಲ ಕಸಿದ, ಯಾರ ಕೊರಳಿನ ತಾಳಿ ಕಿತ್ತ, ಯಾವ ಬಾಣಂತಿಯನ್ನು ಮಳೆಯಲ್ಲಿ ಹೊರಗೆ ನಿಲ್ಲಿಸಿದ. ಅವರು ತಲೆ ಬಗ್ಗಿಸಿ ಪೂರ್ತಿ ಕೇಳುತ್ತಿದ್ದರು, ಇಲ್ಲ ಅನ್ನುತ್ತಿರಲಿಲ್ಲ. ಯಾರ ಹೊಲದಲ್ಲಿ ಕರೆದರೂ ಹೋಗಿ ದುಡಿದರು. ಅವರ ಮಕ್ಕಳಿಗೆ ಅಕ್ಷರ ಕಲಿಸಿದರು. ಅರ್ಧ ಊರು ಕೊನೆಗೆ ನೀರು ಕೊಟ್ಟಿತು, ಅರ್ಧ ಊರು ಕೊಡಲೇ ಇಲ್ಲ.

“ಹೊಲಾ ಕಳಕೊಂಡಾವರು ಮಣ್ಣಿಗೆ ಬರಲಿಲ್ರಿ. ಅವರ ಮಕ್ಕಳು ಬಂದಿದ್ರು” ಅಂದಳು.

“ನೆನಪು ಬಂದಿತ್ತೇನ್ರಿ, ಕಡೀಗರ?”

“ಇಲ್ಲ. ಹೇಳಿದ್ದನ್ನ ನಂಬ್ತಿದ್ದ. ಯಾರು ಏನು ಹೇಳಿದ್ರೂ ನಂಬ್ತಿದ್ದ. ಮಾಡದ್ದನ್ನೂ ಒಂದೆರಡು ಸೇರಿಸಿರಬೇಕು ಮಂದಿ.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಳು. ಆಮೇಲೆ ಧ್ವನಿ ಇಳಿಸಿ ಅಂದಳು: “ಒಂದು ಮಾತ್ರ ನಾ ಹೇಳಲಿಲ್ರಿ. ಅದು ನಡದ ಮನಿಯವರು ಅವತ್ತ ಊರು ಬಿಟ್ಟು ಹೋದ್ರು, ಅದನ್ನ ಹೇಳಾವರು ನನ್ನ ಬಿಟ್ಟು ಇಲ್ಲೆ ಯಾರೂ ಇದ್ದಿಲ್ಲ. ಅವ ಕೇಳ್ತಿದ್ದ, ಇನ್ನೇನರ ಐತೇನು ಅಂತ. ಮುಗೀತು ಅಂತಿದ್ದೆ.”

ಹೇಳಿ ನನ್ನ ಮುಖವನ್ನೇ ನೋಡತೊಡಗಿದಳು. ಕೇಳಿದರೆ ಹೇಳಿಬಿಡುವ ಹಾಗಿದ್ದಳು. ಇಷ್ಟು ವರ್ಷ ಆ ಮನುಷ್ಯ ಯಾರೆಂದು ತಿಳಿಯಲು ಹವಣಿಸಿದ ನನ್ನ ನಾಲಿಗೆಯ ತುದಿಗೆ ಆ ಪ್ರಶ್ನೆ ಬಂದಿತ್ತು.

ನಾನು ನೀರು ಕುಡಿದು ತಂಬಿಗೆ ಕೆಳಗಿಟ್ಟೆ. “ಹಿಂದಕ್ಕ ಬಸ್ಸು ಎಷ್ಟೊತ್ತಿಗೈತ್ರಿ?” ಅಂದೆ.

ಅವಳು ದೀರ್ಘವಾಗಿ ಉಸಿರುಬಿಟ್ಟಳು. “ಇನ್ನೂ ಹೊತ್ತೈತ್ರಿ” ಎಂದು ಎದ್ದು, ಚಹಾಕ್ಕೆ ಒಲೆ ಹಚ್ಚಿದಳು.